ಮಿಸ್ಟರ್, ಮಿಸೆಸ್, ಮಿಸ್, ಮಿಜ್: ಕನ್ನಡದ ಅರ್ಜಿ ಮತ್ತು ಪತ್ರಗಳಲ್ಲಿ ಇವುಗಳ ಜಾಗದಲ್ಲಿ ಏನಿರಬೇಕು?

ಪ್ರಶ್ನೆ: ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಸದ್ಯ ಒಂದು ಸಂಸ್ಥೆಯ ಸದಸ್ಯತ್ವದ ಅರ್ಜಿಯನ್ನೂ ಅದರೊಂದಿಗೆ ಕಳುಹಿಸುವ ಪತ್ರಗಳ ಮಾದರಿಗಳನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅರ್ಜಿಯಲ್ಲಿ ಹೆಸರಿಗೂ ಮುಂಚೆ ಮಿಸ್ಟರ್, ಮಿಸೆಸ್, ಮಿಸ್, ಮಿಜ್, ಮಿಕ್ಸ್, ಡಾಕ್ಟರ್ ಎಂಬ ಆಯ್ಕೆಗಳಿವೆ. ಯಾವುದಾದರೂ ಒಂದನ್ನು ಗುರುತು ಮಾಡದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಮೊದಲ ಮೂರಕ್ಕೆ ಶ್ರೀ, ಶ್ರೀಮತಿ, ಕುಮಾರಿ ಎಂದು ಬರೆದಿದ್ದೇನೆ. ಆದರೆ ಮದುವೆಯ ವಿಷಯವನ್ನೇ ಎತ್ತದ ‘ಮಿಜ್’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪಿತವಾದ ರೂಪ ನನಗೆ ಸಿಕ್ಕಿಲ್ಲ. ಐವತ್ತು ದಾಟಿದ, ಮದುವೆಯಾಗದ ಪ್ರಾಧ್ಯಾಪಕಿಯೊಬ್ಬರಿಗೆ ‘ಕುಮಾರಿ’ ಎಂದು ಬರೆಯಲು ಕೈ ಬರುವುದಿಲ್ಲ.

ಪತ್ರಗಳಲ್ಲಿ ಇನ್ನೊಂದು ತೊಡಕಿದೆ. ಮೂಲದಲ್ಲಿ ಪ್ರತಿಯೊಂದು ಪತ್ರವೂ ‘ಡಿಯರ್ ಮಿಸ್ಟರ್’ ಎಂದು ಆರಂಭವಾಗಿ ಅದರ ಮುಂದೆ ಹೆಸರಿನ ಕೊನೆಯ ಭಾಗವನ್ನು ಇಡುತ್ತದೆ. ಅದನ್ನೇ ‘ಪ್ರಿಯ ಶ್ರೀ’ ಎಂದು ಬರೆದರೆ ಓದುವವರಿಗೆ ಕನ್ನಡ ಪತ್ರ ಬಂದಿದೆ ಎಂದೇ ಅನ್ನಿಸುವುದಿಲ್ಲ. ಸಂಸ್ಥೆಗೆ ಜರ್ಮನಿ ಮತ್ತು ಜಪಾನಿನ ಸದಸ್ಯರೂ ಇರುವುದರಿಂದ ಅವರ ಹೆಸರುಗಳನ್ನು ಕನ್ನಡ ವರದಿಯಲ್ಲಿ ಹೇಗೆ ಬರೆಯಬೇಕು ಎಂಬುದೂ ತೀರ್ಮಾನವಾಗಬೇಕಿದೆ. ಜರ್ಮನ್ನಿನ ‘ಹೆರ್’, ಜಪಾನಿಯ ‘ಸಾನ್’ ಎಂಬ ಗೌರವಸೂಚಕಗಳನ್ನು ಹಾಗೆಯೇ ಉಳಿಸಬೇಕೇ, ‘ಶ್ರೀ’ ಮಾಡಬೇಕೇ? ಅನುಭವಿಗಳು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಸಂಪುಟ

ನಿಮ್ಮ ಪಟ್ಟಿಯಲ್ಲಿರುವ ಮಿಸೆಸ್, ಮಿಸ್, ಮಿಜ್ ಮೂರೂ ‘ಮಿಸ್ಟ್ರೆಸ್’ ಎಂಬ ಒಂದೇ ಪದದ ಕಿರಿದಾದ ರೂಪಗಳು. ಆ ಪದಕ್ಕೆ ಮೊದಲಿದ್ದ ಅರ್ಥ ಮನೆಯೊಡತಿ, ಯಜಮಾನಿ ಎಂಬುದು. ‘ಮಾಸ್ಟರ್’ ಎಂಬುದು ಸವೆದು ‘ಮಿಸ್ಟರ್’ ಆಯಿತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಮಿಸೆಸ್’ ಎಂದರೆ ಮದುವೆಯಾದವಳು ಎಂದು ಅರ್ಥವಿರಲಿಲ್ಲ. ಆಳುಕಾಳುಗಳಿದ್ದ ಅಥವಾ ಸ್ವಂತ ವ್ಯಾಪಾರ ನಡೆಸುತ್ತಿದ್ದ, ಸಮಾಜದಲ್ಲಿ ಒಂದು ಸ್ಥಾನವಿದ್ದ ಹೆಂಗಸು ಎಂದಷ್ಟೇ ಅದು ಹೇಳುತ್ತಿತ್ತು. ಮದುವೆಯಾಗದೆ ಮನೆವಾರ್ತೆ ನೋಡಿಕೊಳ್ಳುತ್ತಿದ್ದವರನ್ನೂ ಹಾಗೆಯೇ ಕರೆಯುತ್ತಿದ್ದರು. ಒಂದು ಮದುವೆಯಾದವರಿಗೆ, ಇನ್ನೊಂದು ಆಗದವರಿಗೆ ಎಂಬ ಗೆರೆ ಗಟ್ಟಿಯಾದದ್ದು ಆಮೇಲೆ. ಆ ಗೆರೆ ಗಂಡಸರ ಹೆಸರಿನ ಮುಂದೆ ಎಂದೂ ಬೀಳಲಿಲ್ಲ ಎಂಬುದನ್ನು ಗಮನಿಸಬೇಕು.

‘ಮಿಜ್’ ಎಂಬ ರೂಪವನ್ನು 1901ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ ಒಂದು ದಿನಪತ್ರಿಕೆ ಸೂಚಿಸಿತ್ತು. ಹೆಂಗಸಿನ ಮದುವೆಯ ವಿಚಾರ ಗೊತ್ತಿಲ್ಲದಾಗ ಎರಡರಲ್ಲಿ ಯಾವುದನ್ನು ಬರೆದರೂ ತಪ್ಪಾಗಬಹುದಲ್ಲ ಎಂಬ ವ್ಯಾವಹಾರಿಕ ಕಾರಣವನ್ನೇ ಅದು ಮುಂದಿಟ್ಟಿತ್ತು. ಸೂಚನೆ ಬಹುಕಾಲ ಹಾಗೆಯೇ ಬಿದ್ದಿದ್ದು, ಮಹಿಳಾ ಚಳವಳಿಯ ಬಲದಿಂದ 1970ರ ದಶಕದಲ್ಲಿ ಬಳಕೆಗೆ ಬಂತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ತನ್ನ ಪುಟಗಳಲ್ಲಿ ಒಪ್ಪಿಕೊಂಡದ್ದು 1986ರಲ್ಲಿ.

ಇತರ ಭಾಷೆಗಳು ಹಿಡಿದ ದಾರಿ ಬೇರೆ. ಜರ್ಮನ್ ಭಾಷೆಯಲ್ಲಿ ಮದುವೆಯಾಗದವರಿಗೆ ‘ಫ್ರಾಯ್ಲೈನ್’ ಎನ್ನುತ್ತಿದ್ದರು. ಅದು ‘ಫ್ರಾವ್’ ಎಂಬುದರ ಕಿರಿದು ಮಾಡಿದ ರೂಪ. ವ್ಯಾಕರಣದ ಪ್ರಕಾರ ನಪುಂಸಕ ಲಿಂಗ. ಪಶ್ಚಿಮ ಜರ್ಮನಿಯ ಗೃಹ ಸಚಿವಾಲಯ 1972ರಲ್ಲಿ ಅದನ್ನು ಸರ್ಕಾರಿ ಬಳಕೆಯಿಂದ ಕೈಬಿಟ್ಟು, ಪ್ರಾಪ್ತ ವಯಸ್ಸಿನ ಎಲ್ಲ ಮಹಿಳೆಯರಿಗೂ ‘ಫ್ರಾವ್’ ಎಂದು ಬರೆಯುವಂತೆ ಮಾಡಿತು. ಫ್ರಾನ್ಸಿನಲ್ಲಿ 2012ರ ಫೆಬ್ರುವರಿಯಲ್ಲಿ ಪ್ರಧಾನಿಯವರ ಕಚೇರಿಯ ಸುತ್ತೋಲೆ ಆಡಳಿತದ ಅರ್ಜಿಗಳಿಂದ ಮದುವೆಯಾಗದವರಿಗಿದ್ದ ‘ಮದ್ಮುವಜೆಲ್’ ಎಂಬ ಆಯ್ಕೆಯನ್ನು ತೆಗೆಸಿತು; ಉಳಿದದ್ದು ‘ಮದಾಮ್’ ಒಂದೇ. ಇಂಗ್ಲಿಷಿನವರು ಹೊಸ ರೂಪವನ್ನು ಹುಟ್ಟಿಸಿದರು; ಜರ್ಮನ್ನರೂ ಫ್ರೆಂಚರೂ ಇದ್ದ ಪದವನ್ನೇ ಎಲ್ಲರಿಗೂ ಹಿಗ್ಗಿಸಿದರು.

ಕನ್ನಡಕ್ಕೆ ಎರಡನೆಯ ದಾರಿಯೇ ಸರಿ ಎಂದು ನಾನು ನಂಬಿದ್ದೇನೆ. ಶ್ರೀಮತಿ ಎಂಬ ಶಬ್ದದೊಳಗೆ ಮದುವೆ ಎಲ್ಲಿಯೂ ಇಲ್ಲ. ‘ಶ್ರೀ’ಗೆ ‘ಉಳ್ಳ’ ಎಂಬರ್ಥದ ಮತುಪ್ ಪ್ರತ್ಯಯ ಸೇರಿ ‘ಶ್ರೀಮತ್’ ಆಗುತ್ತದೆ; ಪುಲ್ಲಿಂಗದಲ್ಲಿ ಶ್ರೀಮಾನ್, ಸ್ತ್ರೀಲಿಂಗದಲ್ಲಿ ಶ್ರೀಮತಿ. ಬುದ್ಧಿಮತಿ ಎಂದರೆ ಬುದ್ಧಿಯುಳ್ಳವಳು ಎನ್ನುವಂತೆ ಶ್ರೀಮತಿ ಎಂದರೆ ಶ್ರೀಯುಳ್ಳವಳು. ಶ್ರೀಮಾನ್ ಎಂದಾಗ ಆತನಿಗೆ ಮದುವೆಯಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಶ್ರೀಮತಿ ಎಂದಾಗ ಮಾತ್ರ ಏಕೆ ಕೇಳಬೇಕು? ಹದಿನೆಂಟು ತುಂಬಿದ ಎಲ್ಲ ಮಹಿಳೆಯರಿಗೂ ಶ್ರೀಮತಿ ಎಂದು ಬರೆದು, ಕುಮಾರ ಮತ್ತು ಕುಮಾರಿಯನ್ನು ಮಕ್ಕಳಿಗೆ ಮೀಸಲಿಡಬಹುದು. ಮದುವೆಯ ವಿಷಯ ಎತ್ತದ ಹಿಂದಿಯ ‘ಸುಶ್ರೀ’ಯನ್ನು ಎರವಲು ತರುವವರಿದ್ದಾರೆ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲವಾದರೂ ಕನ್ನಡದ ಓದುಗರಿಗೆ ಅದು ಹೆಸರಿನ ಭಾಗದಂತೆ ಕೇಳಿಸುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ಇಂಗ್ಲಿಷ್ ಪತ್ರಗಳಲ್ಲಿ ‘ಮಿಸೆಸ್ ರಾಬರ್ಟ್ ಬ್ರೌನ್’ ಎಂಬ ಬಗೆ ಬರುತ್ತದೆ. ಇದರಲ್ಲಿ ರಾಬರ್ಟ್ ಎಂಬುದು ಗಂಡನ ಹೆಸರು. ‘ಶ್ರೀಮತಿ ರಾಬರ್ಟ್ ಬ್ರೌನ್’ ಎಂದು ಬರೆದರೆ ಆಕೆಯ ಹೆಸರೇ ರಾಬರ್ಟ್ ಎಂದು ಕನ್ನಡದಲ್ಲಿ ಅರ್ಥವಾಗುತ್ತದೆ. ಸಾಧ್ಯವಾದರೆ ಆಕೆಯ ಸ್ವಂತ ಹೆಸರನ್ನು ಹುಡುಕಿ ಬರೆಯಿರಿ. ಸಿಗದಿದ್ದರೆ ‘ರಾಬರ್ಟ್ ಬ್ರೌನ್ ಅವರ ಪತ್ನಿ’ ಎನ್ನಿ.

ಉತ್ತರ: ಗಡಿನಾಡು

ಹಿರಿಯರಾದ ‘ಹಳೆಯ ಸಂಪುಟ’ ಅವರ ವ್ಯುತ್ಪತ್ತಿಯ ವಿವರಣೆಯನ್ನು ಗೌರವಿಸುತ್ತೇನೆ. ಆದರೆ ಅವರ ತೀರ್ಮಾನವನ್ನು ಒಪ್ಪುವ ಮೊದಲು ಬೆಳಗಾವಿ, ನಿಪ್ಪಾಣಿ ಕಡೆಯ ರೂಢಿಯನ್ನು ಇಲ್ಲಿ ಹೇಳಲೇಬೇಕು. ಮರಾಠಿಯಲ್ಲಿ ಗಂಡ ಬದುಕಿರುವ ಮಹಿಳೆಯ ಹೆಸರಿನ ಮುಂದೆ ‘ಸೌ.’ ಎಂದು ಬರೆಯುತ್ತಾರೆ. ಅದು ಸೌಭಾಗ್ಯವತಿ ಎಂಬುದರ ಸಂಕ್ಷೇಪ. ‘ಶ್ರೀಮತಿ’ ಎಂದು ಬರೆದರೆ ಗಂಡ ತೀರಿಕೊಂಡಿದ್ದಾರೆ ಎಂದು ಬಹಳ ಮನೆಗಳಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಇತ್ತೀಚೆಗೆ ಅಲ್ಲಿಯ ಕಚೇರಿಗಳಲ್ಲಿ ಎಲ್ಲ ಮಹಿಳೆಯರಿಗೂ ಶ್ರೀಮತಿ ಎಂದು ಬರೆಯುವುದುಂಟಾದರೂ ಮನೆಯ ಮಾತಿನಲ್ಲಿ ಹಳೆಯ ಅರ್ಥ ಇನ್ನೂ ಅಳಿದಿಲ್ಲ. ಒಂದೇ ಅಕ್ಷರಗಳ ಒಂದೇ ಪದ ಒಂದು ಭಾಷೆಯಲ್ಲಿ ಗಂಡನಿದ್ದಾನೆ ಎನ್ನುತ್ತದೆ, ಪಕ್ಕದ ಭಾಷೆಯಲ್ಲಿ ಇಲ್ಲ ಎನ್ನುತ್ತದೆ. ಕನ್ನಡ ಅರ್ಜಿಯನ್ನು ಮರಾಠಿಗೆ ತಿರುಗಿಸುವಾಗ ಇದನ್ನು ನೋಡದೆ ಹೋದರೆ ಆಗುವ ನೋವು ಸಣ್ಣದಲ್ಲ.

ನಾನು ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುವ ಕೆಲಸ ಮಾಡಿದವನು. ನಮ್ಮಲ್ಲಿ ಲಗ್ನಪತ್ರಿಕೆಗಳು ಎರಡು ಭಾಷೆಯಲ್ಲಿ ಅಚ್ಚಾಗುತ್ತವೆ. ವರನಿಗೆ ಚಿ||, ವಧುವಿಗೆ ಚಿ|| ಸೌ||, ಹಿರಿಯರಿಗೆ ಶ್ರೀ, ತೀರಿಕೊಂಡವರಿಗೆ ಅವರವರ ಮತದಂತೆ ಲಿಂ., ಕೈ., ವೈ., ಎಂದರೆ ಲಿಂಗೈಕ್ಯ, ಕೈಲಾಸವಾಸಿ, ವೈಕುಂಠವಾಸಿ ಎಂದು ಬೀಳುತ್ತದೆ. ಗಂಡನನ್ನು ಕಳೆದುಕೊಂಡ ತಾಯಿಯ ಹೆಸರಿನ ಮುಂದೆ ‘ಗಂ.ಭಾ.’ ಎಂದು ಹಾಕುವ ರೂಢಿಯಿದೆ; ಗಂಗಾ ಭಾಗೀರಥಿ ಎಂಬುದರ ಸಂಕ್ಷೇಪ ಅದು. ಒಂದು ಮದುವೆಯ ಕರಡಚ್ಚನ್ನು ಒಪ್ಪಿಗೆಗೆ ಕಳುಹಿಸಿದ್ದೆವು. ಅದು ಮರಳಿ ಬಂದಾಗ ಮನೆಯ ಹಿರಿಯರೊಬ್ಬರು ವರನ ತಾಯಿಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗಂ.ಭಾ.’ ಸೇರಿಸಿದ್ದರು. ಅದರ ಮೇಲೆ ನೀಲಿ ಶಾಯಿಯ ಒಂದು ನೇರ ಗೆರೆ ಎಳೆದು, ಪಕ್ಕದಲ್ಲಿ ಆ ತಾಯಿಯೇ ತಮ್ಮ ಹೆಸರನ್ನು ಬರೆದು, ಹೆಸರಿನ ಮುಂದೆ ಏನನ್ನೂ ಹಾಕದೆ, ಕೊನೆಗೆ ‘ಇವರು’ ಎಂದಷ್ಟೇ ಸೇರಿಸಿದ್ದರು. ಪತ್ರಿಕೆ ಹಾಗೆಯೇ ಅಚ್ಚಾಯಿತು. ಅದನ್ನು ಓದಿದ ಯಾರಿಗೂ ಗೌರವ ಕಡಿಮೆಯಾಯಿತು ಎನ್ನಿಸಿರಲಾರದು.

ಉತ್ತರ: ಬಹುವಚನ

‘ಗಡಿನಾಡು’ ಅವರು ಕೊನೆಯಲ್ಲಿ ಹೇಳಿದ ಕರಡಚ್ಚಿನ ತಿದ್ದುಪಡಿಯಲ್ಲೇ ಈ ಪ್ರಶ್ನೆಯ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ. ಇಂಗ್ಲಿಷ್ ಭಾಷೆ ಗೌರವವನ್ನು ಹೆಸರಿನ ಮುಂದೆ ಇಡುತ್ತದೆ, ಏಕೆಂದರೆ ಅದಕ್ಕೆ ಬೇರೆ ಜಾಗವಿಲ್ಲ. ‘ಕೇಮ್’ ಎಂಬ ಕ್ರಿಯಾಪದ ರಾಜನಿಗೂ ಒಂದೇ, ರಾಜನ ಕುದುರೆಗೂ ಒಂದೇ. ಕನ್ನಡದಲ್ಲಿ ಗೌರವ ಹೆಸರಿನ ಹಿಂದೆ ಬರುತ್ತದೆ, ಸರ್ವನಾಮದಲ್ಲಿ ಬರುತ್ತದೆ, ಕೊನೆಗೆ ಕ್ರಿಯಾಪದದಲ್ಲಿ ಬಂದು ವಾಕ್ಯವನ್ನು ಮುಚ್ಚುತ್ತದೆ. ‘ಶ್ರೀ ಕೃಷ್ಣಪ್ಪ ಬಂದನು’ ಎಂದರೆ ಆ ಶ್ರೀಕಾರ ಗೌರವವನ್ನು ಕೊಡಲಾರದು. ಅಷ್ಟೇ ಅಲ್ಲ, ಆ ವಾಕ್ಯವೇ ಅಪಚಾರದಂತೆ ಕೇಳುತ್ತದೆ. ‘ಕೃಷ್ಣಪ್ಪನವರು ಬಂದರು’ ಎಂದರೆ ಶ್ರೀ ಇಲ್ಲದೆಯೂ ಗೌರವ ಪೂರ್ಣವಾಗಿದೆ. ಆದ್ದರಿಂದ ‘ಮಿಸ್ಟರ್ ಕೃಷ್ಣಪ್ಪ ಕೇಮ್’ ಎಂಬುದರ ಕನ್ನಡ ‘ಕೃಷ್ಣಪ್ಪನವರು ಬಂದರು’ ಎಂಬುದೇ ಹೊರತು ಮಿಸ್ಟರ್ ಎಂಬುದಕ್ಕೆ ಎದುರಾಗಿ ಒಂದು ಪದವನ್ನು ನಿಲ್ಲಿಸುವುದಲ್ಲ. ಬರೆಯುವಾಗ ಶ್ರೀಯನ್ನು ಬಳಸುತ್ತೇವೆ, ನಿಜ. ಆದರೆ ಎದುರಿಗೆ ನಿಂತ ಮನುಷ್ಯನನ್ನು ‘ಶ್ರೀ ಕೃಷ್ಣಪ್ಪ, ಬನ್ನಿ’ ಎಂದು ಕರೆದವರನ್ನು ನಾನು ನೋಡಿಲ್ಲ. ಕೃಷ್ಣಪ್ಪನವರೇ, ಗೌಡರೇ, ರಾಯರೇ, ಪಾಟೀಲರೇ, ಮೇಷ್ಟ್ರೇ ಎಂದು ಕರೆಯುತ್ತೇವೆ. ಎಲ್ಲವೂ ಬಹುವಚನದ ‘ರು’ ಮೇಲೆ ನಿಂತಿವೆ.

ಮೇಷ್ಟ್ರು ಎಂಬ ಪದವನ್ನೇ ತೆಗೆದುಕೊಳ್ಳಿ. ಮೇಲೆ ಒಬ್ಬರು ಹೇಳಿದಂತೆ ಇಂಗ್ಲಿಷಿನಲ್ಲಿ ಮಾಸ್ಟರ್ ಸವೆದು ಮಿಸ್ಟರ್ ಆಯಿತು. ಅದೇ ಮಾಸ್ಟರ್ ನಮ್ಮ ಶಾಲೆಗೆ ಬಂದಾಗ ಅದಕ್ಕೆ ಗೌರವದ ‘ರು’ ಸೇರಿ ಮೇಷ್ಟ್ರು ಆಯಿತು, ಉತ್ತರದಲ್ಲಿ ಮಾಸ್ತರು ಆಯಿತು. ಎಷ್ಟು ಆದರದ ಮಾತು ಅದು! ‘ಮಿಸ್ಟರ್’ ಎಂಬುದು ಮಾತ್ರ ‘ರು’ ಇಲ್ಲದೆ ಬಂದು ಬೇರೆಯೇ ಗತಿ ಕಂಡಿತು. ಬಸ್ಸಿನಲ್ಲಿ ಯಾರಾದರೂ ‘ಏನ್ ಮಿಸ್ಟರ್?’ ಎಂದರೆ ಜಗಳಕ್ಕೆ ನಿಂತಿದ್ದಾರೆಂದೇ ಅರ್ಥ. ‘ಮಿಸ್’ ಎಂಬುದರ ಕಥೆ ಇನ್ನೂ ವಿಶೇಷ. ನಿವೃತ್ತಿಗೆ ಹತ್ತಿರವಾದ, ಮೊಮ್ಮಕ್ಕಳಿರುವ ಶಿಕ್ಷಕಿಯ ಮುಂದೆ ನಿಂತು ಒಂದನೆಯ ತರಗತಿಯ ಮಗು ‘ಮಿಸ್, ನೀರು ಕುಡಿದು ಬರ್ಲಾ?’ ಎಂದು ಕೇಳುತ್ತದೆ. ಆ ಮಗುವಿನ ಬಾಯಲ್ಲಿ ಮಿಸ್ ಎಂದರೆ ಗುರು. ಮದುವೆಯಾಗದವಳು ಎಂಬ ಅರ್ಥ ಆ ಪದದಿಂದ ಪೂರ್ತಿ ಉದುರಿಹೋಗಿದೆ. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಅದೇ ಜಾಗದಲ್ಲಿ ‘ಅಕ್ಕೋರು’ ಇದ್ದಾರೆ. ಅಕ್ಕ ಎಂಬ ನಂಟಿನ ಪದಕ್ಕೆ ಅವರು ಸೇರಿ ಆದ ರೂಪ ಅದು. ಹನ್ನೆರಡನೆಯ ಶತಮಾನದ ಶರಣರು ಬಸವಣ್ಣ, ಅಕ್ಕಮಹಾದೇವಿ ಎಂದು ಒಡಹುಟ್ಟಿನ ಪದಗಳಿಂದಲೇ ಗೌರವಿಸಿದ ನಾಡು ಇದು.

ಪದವನ್ನು ಬದಲಿಸಿದ ಮಾತ್ರಕ್ಕೆ ಗೆರೆ ಅಳಿಯುವುದಿಲ್ಲ ಎಂಬುದಕ್ಕೆ ತಮಿಳಿನ ಉದಾಹರಣೆ ಇದೆ. ಅಣ್ಣಾದೊರೈ ಅವರ ಸರ್ಕಾರ 1967ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅಲ್ಲಿ ಸರ್ಕಾರಿ ಬರವಣಿಗೆಯಲ್ಲಿ ಶ್ರೀ, ಶ್ರೀಮತಿ, ಕುಮಾರಿ ಹೋಗಿ ತಿರು, ತಿರುಮತಿ, ಸೆಲ್ವಿ ಬಂದವು. ಭಾಷಾಭಿಮಾನದ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆಯೇ. ಆದರೂ ತಿರುಮತಿ ಮತ್ತು ಸೆಲ್ವಿಯ ನಡುವಿನ ಮದುವೆಯ ಗೆರೆ ಇದ್ದಲ್ಲಿಯೇ ಉಳಿಯಿತು.

ಈಗ ಜಪಾನಿ ಹೆಸರುಗಳ ವಿಚಾರ. ಆ ಭಾಷೆ ಈ ವಿಷಯದಲ್ಲಿ ನಮಗೆ ಇಂಗ್ಲಿಷಿಗಿಂತ ಬಹಳ ಹತ್ತಿರ. ‘ಸಾನ್’ ಹೆಸರಿನ ಹಿಂದೆ ಬರುತ್ತದೆ; ಗಂಡು, ಹೆಣ್ಣು, ಮದುವೆಯಾದವರು, ಆಗದವರು ಎಂಬ ಭೇದ ಅದಕ್ಕಿಲ್ಲ. ಪತ್ರದ ವಿಳಾಸದಲ್ಲಿ ಅದಕ್ಕಿಂತ ಹೆಚ್ಚಿನ ಗೌರವದ ‘ಸಾಮಾ’ ಬರೆಯುತ್ತಾರೆ. ವ್ಯಕ್ತಿಗಲ್ಲದೆ ಸಂಸ್ಥೆಗೆ ಬರೆಯುವಾಗ ‘ಓನ್‌ಚೂ’ ಎಂಬ ಬೇರೆಯದೇ ಪದವಿದೆ. ಶಿಕ್ಷಕರು, ವೈದ್ಯರು, ಲೇಖಕರು, ರಾಜಕಾರಣಿಗಳಿಗೆ ‘ಸೆನ್ಸೇ’. ಹಾಗಾಗಿ ‘ತನಾಕಾ ಸಾನ್’ ಎಂಬುದನ್ನು ಕನ್ನಡದಲ್ಲಿ ‘ಶ್ರೀ ತನಾಕಾ’ ಮಾಡುವ ಅಗತ್ಯವೇ ಇಲ್ಲ. ತನಾಕಾ ಗಂಡೋ ಹೆಣ್ಣೋ ಎಂದು ತಿಳಿಯದೆ ನೀವು ಶ್ರೀ ಎಂದು ಬರೆಯಲಾರಿರಿ, ‘ತನಾಕಾ ಅವರು’ ಎಂದು ಧೈರ್ಯವಾಗಿ ಬರೆಯಬಹುದು.

ಎರಡು ಭಾಷೆಗಳೂ ಒಂದೇ ಎಂದು ತಿಳಿಯಬಾರದು. ಸಾನ್ ಎಂಬುದನ್ನು ಜಪಾನಿಯರು ತಮ್ಮ ಹೆಸರಿಗೆ ತಾವೇ ಸೇರಿಸಿಕೊಳ್ಳುವುದಿಲ್ಲ. ನಾವೂ ‘ನಾನು ಕೃಷ್ಣಪ್ಪನವರು’ ಎನ್ನುವುದಿಲ್ಲ. ಇಲ್ಲಿಯವರೆಗೆ ಹೋಲಿಕೆ ಸರಿ. ಆದರೆ ಹೊರಗಿನವರೊಡನೆ ಮಾತನಾಡುವಾಗ ಜಪಾನಿನ ನೌಕರ ತನ್ನ ಸಂಸ್ಥೆಯ ಅಧ್ಯಕ್ಷರ ಹೆಸರನ್ನು ಸಾನ್ ಇಲ್ಲದೆ ಬರಿದಾಗಿ ಹೇಳುತ್ತಾನೆ, ಏಕೆಂದರೆ ತನ್ನವರನ್ನು ಹೊರಗಿನವರ ಮುಂದೆ ಏರಿಸಿ ಮಾತನಾಡುವುದು ಅಲ್ಲಿ ಸಭ್ಯತೆಯಲ್ಲ. ನಾವು ನಮ್ಮ ಮೇಲಧಿಕಾರಿಯನ್ನು ಯಾರ ಮುಂದೆಯೂ ಏಕವಚನದಲ್ಲಿ ಹೇಳುವುದಿಲ್ಲ. ಅಂಥ ಪತ್ರ ಅನುವಾದಕ್ಕೆ ಬಂದರೆ ಮೂಲದಲ್ಲಿ ಇಲ್ಲದ ‘ಅವರು’ ಎಂಬುದನ್ನು ಕನ್ನಡದಲ್ಲಿ ಸೇರಿಸಲೇಬೇಕು. ಸೇರಿಸದಿದ್ದರೆ ಆ ನೌಕರನ ವಿನಯ ಕನ್ನಡದಲ್ಲಿ ಉದ್ಧಟತನವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಇಂಗ್ಲಿಷಿನಲ್ಲಿ ಒಬ್ಬಾಕೆ ‘ಐ ಆಮ್ ಮಿಸೆಸ್ ಬ್ರೌನ್’ ಎಂದು ತನ್ನನ್ನು ಪರಿಚಯಿಸಿಕೊಂಡರೆ ಕನ್ನಡದಲ್ಲಿ ಆ ಮಿಸೆಸ್ ಹೋಗಬೇಕು.

ನಿಮ್ಮ ಪಟ್ಟಿಯಲ್ಲಿರುವ ‘ಮಿಕ್ಸ್’ ಗಂಡು ಅಥವಾ ಹೆಣ್ಣು ಎಂದು ಗುರುತಿಸಿಕೊಳ್ಳಲು ಬಯಸದವರಿಗಾಗಿ ಬಂದದ್ದು. ಆಕ್ಸ್‌ಫರ್ಡ್ ನಿಘಂಟು ಅದನ್ನು 2015ರಲ್ಲಿ ಸೇರಿಸಿಕೊಂಡಿತು. ಇಂಗ್ಲಿಷಿನಲ್ಲಿ ಇದಕ್ಕಾಗಿ ಹೊಸ ರೂಪವೇ ಬೇಕಾಯಿತು. ಕನ್ನಡದ ‘ಅವರು’ ಮತ್ತು ‘ಬಂದರು’ ಎಂಬವುಗಳಲ್ಲಿ ಲಿಂಗಭೇದವೇ ಇಲ್ಲ. ನಮ್ಮ ಭಾಷೆಯಲ್ಲಿ ಏಕವಚನಕ್ಕೆ ಇಳಿದಾಗ ಮಾತ್ರ ಗಂಡು, ಹೆಣ್ಣು ಎಂಬ ಆಯ್ಕೆ ಎದುರಾಗುತ್ತದೆ. ನನ್ನ ಸಲಹೆ ಇಷ್ಟೇ: ಅರ್ಜಿಯಲ್ಲಿ ಈ ಸಾಲನ್ನು ಐಚ್ಛಿಕ ಮಾಡಿಸಿ, ಪತ್ರಗಳಲ್ಲಿ ಎಲ್ಲರಿಗೂ ‘ಅವರಿಗೆ’ ಎಂದು ವಿಳಾಸ ಬರೆದು, ‘ಮಾನ್ಯರೇ’ ಎಂದು ಆರಂಭಿಸಿ. ನಮ್ಮ ಕಚೇರಿಯ ಪತ್ರಗಳಲ್ಲಿ ಅದು ಎಷ್ಟೋ ಕಾಲದಿಂದ ಇದೆ. ಅದಕ್ಕೆ ಲಿಂಗವಿಲ್ಲ, ವಯಸ್ಸಿಲ್ಲ, ಮದುವೆಯ ಹಂಗಿಲ್ಲ, ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ.

ಉತ್ತರ: ನೆಕ್ಕರ್ ತೀರ

ನಾನು ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ಕನ್ನಡತಿ. ಜರ್ಮನ್ ಪತ್ರವ್ಯವಹಾರದ ಬಗ್ಗೆ ಹೇಳಬಲ್ಲೆ. ಇಲ್ಲಿ ಔಪಚಾರಿಕ ಪತ್ರ ‘ಬಹು ಗೌರವಾನ್ವಿತ ಫ್ರಾವ್’ ಅಥವಾ ‘ಹೆರ್’ ಎಂಬರ್ಥದ ಮಾತಿನಿಂದ ಆರಂಭವಾಗಿ ಕುಲನಾಮಕ್ಕೆ ಅಂಟಿಕೊಳ್ಳುತ್ತದೆ. ವ್ಯಕ್ತಿಯ ಸ್ವಂತ ಹೆಸರಿಗೆ ಹೆರ್ ಸೇರಿಸುವುದಿಲ್ಲ. ಡಾಕ್ಟರೇಟ್ ಪಡೆದಿದ್ದರೆ ಅದನ್ನೂ ಸೇರಿಸಿ ‘ಫ್ರಾವ್ ಡಾಕ್ಟರ್’ ಎನ್ನುತ್ತಾರೆ. ಆ ಪದವಿಯನ್ನು ಪಾಸ್‌ಪೋರ್ಟಿನಲ್ಲಿ ಕೂಡ ನಮೂದಿಸಬಹುದು.

ತೊಂದರೆ ಶುರುವಾಗುವುದು ಕುಲನಾಮವಿಲ್ಲದ ನಮ್ಮಂಥವರಿಗೆ. ಹಳೆ ಮೈಸೂರು ಕಡೆಯ ಹೆಸರಿನಲ್ಲಿ ಒಂದು ಅಕ್ಷರ ಊರಿನದು, ಇನ್ನೊಂದು ತಂದೆಯದು, ಕೊನೆಗೆ ಉಳಿಯುವುದು ಸ್ವಂತ ಹೆಸರು. ಇಲ್ಲಿಯ ಅರ್ಜಿಗಳಲ್ಲಿ ಕುಲನಾಮದ ಜಾಗವನ್ನು ಖಾಲಿ ಬಿಡುವಂತಿಲ್ಲವಾದ್ದರಿಂದ ಅನೇಕರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ತುಂಬುತ್ತಾರೆ. ನಾನು ತಂದೆಯ ಹೆಸರನ್ನು ತುಂಬಿದವಳು. ನನಗೆ ಬರುವ ಪ್ರತಿಯೊಂದು ಪತ್ರವೂ ಫ್ರಾವ್ ಎಂದು ಹೇಳಿ ಅದರ ಮುಂದೆ ನನ್ನ ತಂದೆಯವರ ಹೆಸರನ್ನು ಇಡುತ್ತದೆ. ಬರೆಯುವವರು ಪೂರ್ಣ ಗೌರವದಿಂದಲೇ ಬರೆಯುತ್ತಾರೆ; ಆದರೂ ಅದನ್ನು ಓದುವಾಗ ತೀರಿಕೊಂಡ ನನ್ನ ತಂದೆಗೆ ಯಾರೋ ಹೆಂಗಸಿನ ಪದ ಸೇರಿಸಿ ಕರೆದಂತೆ ಇಂದಿಗೂ ಅನ್ನಿಸುತ್ತದೆ.

ಆದ್ದರಿಂದ ಹೇಮಾವತಿ ದಂಡೆಯವರಲ್ಲಿ ಒಂದು ವಿನಂತಿ. ನಿಮ್ಮ ಮಾದರಿ ಪತ್ರ ಹೆಸರಿನ ಕೊನೆಯ ಭಾಗವನ್ನು ಯಾಂತ್ರಿಕವಾಗಿ ಎತ್ತಿಕೊಳ್ಳುವಂತಿದ್ದರೆ ಕನ್ನಡ ಪತ್ರದಲ್ಲಿ ಅದನ್ನು ದಯವಿಟ್ಟು ಬದಲಿಸಿಸಿ. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬ ಅಡ್ಡಹೆಸರಿನವರನ್ನು ‘ಪಾಟೀಲರೇ’ ಎಂದು ಕರೆದರೆ ಅವರಿಗೆ ಸಹಜವೆನಿಸುತ್ತದೆ. ಅದೇ ನಿಯಮದಿಂದ ಹಾಸನ ಎಂದು ಕೊನೆಯಲ್ಲಿ ಬರೆದುಕೊಂಡವರನ್ನು ‘ಹಾಸನ ಅವರೇ’ ಎಂದರೆ ಊರನ್ನೇ ಕರೆದಂತಾಗುತ್ತದೆ. ಪೂರ್ಣ ಹೆಸರನ್ನು ಬರೆದು ‘ಅವರಿಗೆ’ ಎಂದು ಮುಗಿಸುವುದೇ ಕ್ಷೇಮ. ಜರ್ಮನ್ ಸದಸ್ಯರ ವಿಷಯದಲ್ಲಿ, ಕನ್ನಡ ವರದಿಯಲ್ಲಿ ‘ಮ್ಯೂಲರ್ ಅವರು’ ಸಾಕು. ಅವರಿಗೇ ಕಳುಹಿಸುವ ಪತ್ರದಲ್ಲಿ ಮಾತ್ರ ಅವರ ರೂಢಿಯಂತೆ ಹೆರ್, ಫ್ರಾವ್ ಇರಲಿ.

ಉತ್ತರ: ಕಪ್ಪು ಕೋಟು

ನಿಮ್ಮ ಪಟ್ಟಿಯ ‘ಡಾಕ್ಟರ್’ ಕುರಿತು ಯಾರೂ ಹೆಚ್ಚು ಹೇಳಿಲ್ಲವಾದ್ದರಿಂದ ಪದವಿ ಮತ್ತು ಹುದ್ದೆಯ ಗೌರವನಾಮಗಳ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಡಾ. ಎಂಬುದು ಗಳಿಸಿದ್ದು, ಉಳಿದವು ಹುಟ್ಟು ಮತ್ತು ಮದುವೆಯಿಂದ ಬಂದವು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ಒಂದನ್ನೇ ಆರಿಸಿ ಎನ್ನುವುದು ಮೂಲ ಅರ್ಜಿಯದೇ ದೋಷ. ಬ್ರಿಟನ್ನಿನಲ್ಲಿ ಶಸ್ತ್ರವೈದ್ಯರು ಡಾಕ್ಟರ್ ಎಂಬುದನ್ನು ಬಿಟ್ಟು ಮಿಸ್ಟರ್ ಎಂದೇ ಕರೆಸಿಕೊಳ್ಳುವ ಪರಂಪರೆ ಇದೆ. ಅಲ್ಲಿಂದ ಬಂದ ವೈದ್ಯಕೀಯ ಪತ್ರದಲ್ಲಿ ಮಿಸ್ಟರ್ ಎಂದಿರುವುದನ್ನು ನೋಡಿ ಅವರು ವೈದ್ಯರಲ್ಲ ಎಂದು ತಿಳಿಯಬಾರದು. ಕನ್ನಡದಲ್ಲಿ ಅವರಿಗೆ ಡಾ. ಎಂದೇ ಬರೆಯುವುದು ಉಚಿತ.

‘ಸರ್’ ವಿಷಯದಲ್ಲೂ ಜಾಗರೂಕತೆ ಬೇಕು. ವಿಶ್ವೇಶ್ವರಯ್ಯನವರನ್ನು ಸರ್ ಎಂ.ವಿ. ಎನ್ನುವಾಗಿನ ಸರ್, 1915ರಲ್ಲಿ ಅವರಿಗೆ ಬಂದ ನೈಟ್ ಪದವಿಯ ಸೂಚಕ. ಅದನ್ನು ‘ಶ್ರೀ’ ಎಂದು ಅನುವಾದಿಸುವಂತಿಲ್ಲ. ಶಾಲೆ, ಕಚೇರಿಗಳಲ್ಲಿ ನಾವು ದಿನವೂ ಹೇಳುವ ಸರ್ ಬೇರೆ. ಅದಕ್ಕೆ ಕನ್ನಡದಲ್ಲಿ ಸ್ವಾಮಿ, ಮಾನ್ಯರೇ ಎಂಬ ರೂಪಗಳು ಸಂದರ್ಭಕ್ಕೆ ತಕ್ಕಂತೆ ಒಗ್ಗುತ್ತವೆ. ಸಂವಿಧಾನದ 18ನೆಯ ವಿಧಿ, ಸೈನಿಕ ಅಥವಾ ಶೈಕ್ಷಣಿಕ ವಿಶಿಷ್ಟತೆಯಲ್ಲದ ಯಾವ ಬಿರುದನ್ನೂ ರಾಜ್ಯವು ನೀಡಬಾರದು ಎನ್ನುತ್ತದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಆದರೆ ಅವುಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಬಾಲಾಜಿ ರಾಘವನ್ ಪ್ರಕರಣದಲ್ಲಿ ಹೇಳಿತು. ಆದರೂ ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ‘ಪದ್ಮಶ್ರೀ’ ಹೆಸರಿನ ಭಾಗದಂತೆ ಅಚ್ಚಾಗುತ್ತಲೇ ಇದೆ. ಪ್ರಶಸ್ತಿಯನ್ನು ಪರಿಚಯದ ವಾಕ್ಯದಲ್ಲಿ ಹೇಳಿದರೆ ಗೌರವವೂ ಉಳಿಯುತ್ತದೆ, ಕಾನೂನೂ ಉಳಿಯುತ್ತದೆ.

ಹುದ್ದೆಯ ವಿಷಯದಲ್ಲಿ ‘ಆನರಬಲ್’ ಎಂಬುದಕ್ಕೆ ಮಾನ್ಯ ಅಥವಾ ಗೌರವಾನ್ವಿತ, ‘ಹಿಸ್ ಎಕ್ಸಲೆನ್ಸಿ’ ಎಂಬುದಕ್ಕೆ ಘನತೆವೆತ್ತ ಎಂಬ ರೂಢಿಯಿದೆ. ರಾಷ್ಟ್ರಪತಿಯವರನ್ನು ದೇಶದೊಳಗಿನ ಸಮಾರಂಭಗಳಲ್ಲಿ ಹಿಸ್ ಎಕ್ಸಲೆನ್ಸಿ ಎನ್ನುವುದನ್ನು 2012ರಲ್ಲಿ ಕೈಬಿಡಲಾಯಿತು. ಹಿಂದಿಯಲ್ಲಿಯೂ ‘ಮಹಾಮಹಿಮ’ ಹೋಗಿ ‘ರಾಷ್ಟ್ರಪತಿ ಮಹೋದಯ’ ಬಂತು. ನ್ಯಾಯಾಲಯದಲ್ಲಿ ‘ಮೈ ಲಾರ್ಡ್’ ಎನ್ನಬೇಕಾಗಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ನಿಯಮ ಮಾಡಿದೆ. ಅಧೀನ ನ್ಯಾಯಾಲಯಗಳಲ್ಲಿ ಸರ್ ಎನ್ನಬಹುದು ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದವನ್ನು ಬಳಸಬಹುದು ಎಂದು ಆ ನಿಯಮವೇ ಅವಕಾಶ ಕೊಟ್ಟಿದೆ. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಕಕ್ಷಿದಾರರು ಕೈಮುಗಿದು ‘ಸ್ವಾಮಿ’ ಎಂದು ಹೇಳುವ ಮಾತು ಈ ನಿಯಮಕ್ಕೆ ಸರಿಯಾಗಿಯೇ ಹೊಂದುತ್ತದೆ.

ಮರುಪ್ರಶ್ನೆ: ಹೇಮಾವತಿ ದಂಡೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಪತ್ರಗಳನ್ನು ‘ಮಾನ್ಯರೇ’ ಎಂದು ಆರಂಭಿಸಿ, ಪೂರ್ಣ ಹೆಸರಿನ ಕೊನೆಗೆ ‘ಅವರಿಗೆ’ ಎಂದು ಬರೆಯುವುದಾಗಿ ತೀರ್ಮಾನಿಸಿದ್ದೇನೆ. ಅರ್ಜಿಯ ಸಾಲನ್ನು ಐಚ್ಛಿಕ ಮಾಡಲು ಸಂಸ್ಥೆಯವರು ಒಪ್ಪಿದ್ದಾರೆ. ಆದರೆ ಸಾಲನ್ನು ಪೂರ್ತಿ ತೆಗೆಯಲು ಅವರ ತಂತ್ರಾಂಶದಲ್ಲಿ ಸಾಧ್ಯವಿಲ್ಲವಂತೆ. ಹಾಗಾದರೆ ಅಲ್ಲಿ ಉಳಿಯುವ ಆಯ್ಕೆಗಳಾವುವು? ಶ್ರೀಮತಿ ಇರಬೇಕೇ, ಬೇಡವೇ?

ಉತ್ತರ: ಬಹುವಚನ

ಇರಲಿ. ಶ್ರೀ, ಶ್ರೀಮತಿ, ಡಾ., ‘ಯಾವುದೂ ಬೇಡ’ ಎಂಬ ನಾಲ್ಕು ಆಯ್ಕೆಗಳನ್ನು ಇಡಿ. ಕುಮಾರಿಯನ್ನು ವಯಸ್ಕರ ಅರ್ಜಿಯಿಂದ ತೆಗೆದುಬಿಡಿ. ‘ಹಳೆಯ ಸಂಪುಟ’ ಅವರು ಹೇಳಿದ ಅರ್ಥದಲ್ಲಿ ಶ್ರೀಮತಿಯನ್ನು ಬಯಸುವವರು ಅದನ್ನು ಆರಿಸಿಕೊಳ್ಳುತ್ತಾರೆ, ‘ಗಡಿನಾಡು’ ಅವರು ಕಂಡ ತಾಯಿಯಂಥವರು ಕೊನೆಯದನ್ನು ಆರಿಸಿಕೊಳ್ಳುತ್ತಾರೆ. ಆರಿಸುವ ಹಕ್ಕು ಆ ಹೆಸರಿನವರದೇ ಆಗಿರಲಿ. ಕಚೇರಿಯವರು ಊಹಿಸಿ ತುಂಬುವುದು ಬೇಡ. ‘ಯಾವುದೂ ಬೇಡ’ ಎಂಬುದನ್ನು ಪಟ್ಟಿಯ ಕೊನೆಗೆ ಇಡುವ ಬದಲು ಮೊದಲಿಗೇ ಇಟ್ಟು, ತಾನಾಗಿಯೇ ಗುರುತಾಗಿರುವಂತೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಉತ್ತರ: ಗಡಿನಾಡು

ಮರಾಠಿ ಆವೃತ್ತಿಯೂ ಬರುವುದಾದರೆ ಅಲ್ಲಿ ‘ಸೌ.’ ಎಂಬ ಆಯ್ಕೆಯನ್ನು ಸೇರಿಸುವಂತೆ ಯಾರಾದರೂ ಒತ್ತಾಯಿಸುತ್ತಾರೆ. ಸೇರಿಸಿದ ಕೂಡಲೇ ಶ್ರೀಮತಿ ಎಂದು ಆರಿಸಿದವರೆಲ್ಲ ಗಂಡನಿಲ್ಲದವರೆಂದು ಆಗಿಬಿಡುತ್ತದೆ. ದಯವಿಟ್ಟು ಅದನ್ನು ಸೇರಿಸಬೇಡಿ. ಅಚ್ಚಿಗೆ ಹೋಗುವ ಮುಂಚೆ ಎರಡೂ ಭಾಷೆಯ ಕರಡುಗಳನ್ನು ಇಲ್ಲಿ ಹಾಕಿದರೆ ನೋಡಿಕೊಡುತ್ತೇನೆ.